ನರ್ಸ್ ನಂಬರ್ 1

ಜಿಎನ್‌ಎಂ ಅಥವಾ ಬಿ.ಎಸ್ಸಿ. ನರ್ಸಿಂಗ್ ಪಾಸಾದ ಮಾತ್ರಕ್ಕೆ ನರ್ಸ್ ಆದಂತಲ್ಲ. ರಾಜ್ಯದ ನರ್ಸಿಂಗ್ ಕೌನ್ಸಿಲ್‌ನಲ್ಲಿ ಹೆಸರು ನೋಂದಾಯಿಸಿ, ಸಂಖ್ಯೆ ಪಡೆಯಬೇಕು. ಇಂಥ ಪಟ್ಟಿಗಾಗಿ ಇಂಗ್ಲೆಂಡಿನಲ್ಲಿ ಮೂವತ್ತು ವರ್ಷಕ್ಕೂ ಮೀರಿ ಹಟ ಹಿಡಿದವರು ಎಥೆಲ್ ಬೆಡ್‌ಫರ್ಡ್ ಫೆನ್ವಿಕ್.

1857ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿದ ಎಥೆಲ್, ನಾಟಿಂಗ್‌ಹ್ಯಾಮ್ ಮತ್ತು ಮ್ಯಾಂಚೆಸ್ಟರ್‌ಗಳಲ್ಲಿ ಕೆಲಸ ಕಲಿತು, 24ನೇ ವಯಸ್ಸಿಗೇ ಲಂಡನ್ನಿನ ಸೇಂಟ್ ಬಾರ್ಥೊಲೊಮ್ಯೂ ಆಸ್ಪತ್ರೆಯ ಮೇಟ್ರನ್ ಆದರು. ಆಗ ತರಬೇತಿ ಒಂದೊಂದು ಆಸ್ಪತ್ರೆಯಲ್ಲಿ ಒಂದೊಂದು ರೀತಿ. ಏನೂ ಕಲಿಯದವರೂ ನರ್ಸ್ ಎಂದು ಹೇಳಿಕೊಂಡು ಮನೆಮನೆಗೆ ಹೋಗಬಹುದಿತ್ತು. ಮೂರು ವರ್ಷದ ತರಬೇತಿ, ಎಲ್ಲರಿಗೂ ಒಂದೇ ಪರೀಕ್ಷೆ, ಸರ್ಕಾರಿ ನೋಂದಣಿ: ಇವು ಎಥೆಲ್ ಅವರ ಬೇಡಿಕೆಗಳು.

1887ರಲ್ಲಿ ವೈದ್ಯ ಬೆಡ್‌ಫರ್ಡ್ ಫೆನ್ವಿಕ್ ಅವರನ್ನು ಮದುವೆಯಾಗಿ ಕೆಲಸ ಬಿಟ್ಟರು. ಅದೇ ವರ್ಷ ಬ್ರಿಟಿಷ್ ನರ್ಸಸ್ ಅಸೋಸಿಯೇಷನ್ ಕಟ್ಟಿದರು. ಎದುರು ನಿಂತವರು ಸಾಮಾನ್ಯರಲ್ಲ, ಫ್ಲಾರೆನ್ಸ್ ನೈಟಿಂಗೇಲ್. ಪರೀಕ್ಷೆಯಿಂದ ಜ್ಞಾನವನ್ನು ಅಳೆಯಬಹುದು, ನಡತೆಯನ್ನು ಅಳೆಯಲಾಗದು ಎಂಬುದು ಅವರ ವಾದ. ನೋಂದಣಿ ಬಂದರೆ ನರ್ಸ್‌ಗಳು ತಮ್ಮ ಹಿಡಿತ ತಪ್ಪುತ್ತಾರೆಂದು ಲಂಡನ್ನಿನ ದೊಡ್ಡ ಆಸ್ಪತ್ರೆಗಳ ಆಡಳಿತಗಾರರಿಗೂ ಅಳುಕಿತ್ತು. ನೈಟಿಂಗೇಲ್ ಮಾತಿನಲ್ಲಿ ಹುರುಳಿತ್ತು, ನಿಜ. ಆದರೆ ನಡತೆಯ ಹೆಸರಿನಲ್ಲಿ ತೀರ್ಪು ಕೊಡುವ ಅಧಿಕಾರ ಮಾತ್ರ ಆಸ್ಪತ್ರೆಯ ಕೈಯಲ್ಲೇ ಉಳಿಯುತ್ತಿತ್ತು. ಫೆನ್ವಿಕ್ ಅವರಿಗೆ ಬೇಕಿದ್ದುದು ನರ್ಸ್‌ಗಳೇ ತಮ್ಮ ವೃತ್ತಿಯ ಮಟ್ಟ ನಿರ್ಧರಿಸುವ ಹಕ್ಕು. ಹಾಗೆಂದು ಅವರದೂ ಎಲ್ಲರನ್ನೂ ಒಳಗೊಳ್ಳುವ ನಿಲುವಲ್ಲ. ವಿದ್ಯಾವಂತ ಮೇಲುವರ್ಗದ ಹೆಣ್ಣುಮಕ್ಕಳ ವೃತ್ತಿಯಾಗಲಿ ಎಂಬ ಒಲವು ಅವರಿಗಿತ್ತು.

ಅವರ ಆಯುಧಗಳು ಎರಡು: ತಾವೇ ಸಂಪಾದಿಸುತ್ತಿದ್ದ ನರ್ಸಿಂಗ್ ಪತ್ರಿಕೆ, ಮತ್ತು ಸಂಘಟನೆ. 1899ರಲ್ಲಿ ಅವರ ನೇತೃತ್ವದಲ್ಲಿ ಅಂತರರಾಷ್ಟ್ರೀಯ ನರ್ಸ್‌ಗಳ ಪರಿಷತ್ತು ಹುಟ್ಟಿತು. 1901ರಲ್ಲಿ ನ್ಯೂಜಿಲೆಂಡ್ ನೋಂದಣಿ ಕಾನೂನು ತಂದರೂ ಬ್ರಿಟನ್ ಮೀನಮೇಷ ಎಣಿಸುತ್ತಲೇ ಇತ್ತು. ಮೊದಲ ಮಹಾಯುದ್ಧದಲ್ಲಿ ಅಲ್ಪ ತರಬೇತಿಯ ಸ್ವಯಂಸೇವಕಿಯರು ವಾರ್ಡುಗಳಿಗೆ ಬಂದಾಗ, ಪೂರ್ತಿ ಕಲಿತ ನರ್ಸ್ ಯಾರೆಂಬ ಪ್ರಶ್ನೆಯನ್ನು ತಳ್ಳಿಹಾಕಲಾಗಲಿಲ್ಲ. 1919ರ ಡಿಸೆಂಬರಿನಲ್ಲಿ ಕಾನೂನು ಬಂತು. 1921ರಲ್ಲಿ ತೆರೆದ ಪಟ್ಟಿಯ ಮೊದಲ ಹೆಸರು ಫೆನ್ವಿಕ್ ಅವರದೇ.

ಭಾರತದಲ್ಲಿ ಟ್ರೇನ್ಡ್ ನರ್ಸಸ್ ಅಸೋಸಿಯೇಷನ್ 1908ರಲ್ಲಿ ಹುಟ್ಟಿತು, 1912ರಲ್ಲಿ ಅಂತರರಾಷ್ಟ್ರೀಯ ಪರಿಷತ್ತನ್ನು ಸೇರಿತು. ಫೆನ್ವಿಕ್ ತೀರಿಕೊಂಡ 1947ರಲ್ಲೇ ಇಲ್ಲಿ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂತು. ಕೌನ್ಸಿಲ್ ಮತ್ತು ಸಂಘ ಬೇರೆಬೇರೆ. ಕೌನ್ಸಿಲ್ ಕಾನೂನಿನ ಕೂಸು; ಪಠ್ಯಕ್ರಮ, ನರ್ಸಿಂಗ್ ಅರ್ಹತೆಗಳ ಮಾನ್ಯತೆ ಆ ಕಾಯ್ದೆ ಅದಕ್ಕೆ ವಹಿಸಿದ ಹೊಣೆ. ಸಂಘವನ್ನು ನಡೆಸುವವರು ಸದಸ್ಯರು. ನರ್ಸ್‌ಗಳ ಪರ ಮಾತಾಡುವುದು ಅದರ ಕೆಲಸ.

ಖಾಸಗಿ ಆಸ್ಪತ್ರೆಗಳ ಸಂಬಳದ ವಿಷಯದಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದು ಈ ಸಂಘವೇ. 2016ರ ಜನವರಿಯಲ್ಲಿ ಬಂದ ಆದೇಶದಂತೆ ಕೇಂದ್ರ ಸರ್ಕಾರ ಸಮಿತಿ ರಚಿಸಿತು. ಐವತ್ತಕ್ಕಿಂತ ಕಡಿಮೆ ಹಾಸಿಗೆಯ ಆಸ್ಪತ್ರೆಯಲ್ಲೂ ಸಂಬಳ ತಿಂಗಳಿಗೆ ₹20,000ಕ್ಕೆ ಕಡಿಮೆಯಾಗಬಾರದು, ಇನ್ನೂರು ದಾಟಿದರೆ ಸರ್ಕಾರಿ ನರ್ಸ್‌ಗಳಿಗೆ ಸಮನಾಗಿರಬೇಕು ಎಂದು ಸಮಿತಿ ಶಿಫಾರಸು ಮಾಡಿತು. ಜಾರಿಯ ಹೊಣೆ ರಾಜ್ಯಗಳದು. ಕಲಿತವಳು ಯಾರೆಂದು ನೋಂದಣಿ ಹೇಳುತ್ತದೆ. ಕಲಿತವಳಿಗೆ ಸಲ್ಲಬೇಕಾದ ಸಂಬಳ ಮಾತ್ರ ಕೇಳದೆ ಸಿಗದು, ಒಬ್ಬಳೇ ಕೇಳಿದರಂತೂ ಸಿಗುವುದೇ ಇಲ್ಲ.