ಹಳೆಯ ಕ್ಲಾರಿನೆಟ್ಟಿನ ಶ್ರುತಿನಿರ್ಣಯ

ಭರತಮುನಿಯು ವಾದ್ಯಗಳನ್ನು ತತ, ಅವನದ್ಧ, ಘನ, ಸುಷಿರವೆಂದು ನಾಲ್ಕು ಬಗೆಯಾಗಿ ವಿಂಗಡಿಸಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ವೀಣೆಯ ತಂತಿಯನ್ನು ಬಿಗಿದು ಸಡಿಲಿಸಿ ಶ್ರುತಿಯನ್ನು ಬೇಕಾದಂತೆ ಮಾಡಿಕೊಳ್ಳಬಹುದು. ಸುಷಿರವಾದ್ಯಕ್ಕೆ ಅಷ್ಟು ಸ್ವಾತಂತ್ರ್ಯವಿಲ್ಲ. ನಾಳವನ್ನು ಕೊರೆದ ದಿನವೇ ಅದರ ಶ್ರುತಿ ಬಹುಮಟ್ಟಿಗೆ ನಿಶ್ಚಿತವಾಗುತ್ತದೆ. ಆದುದರಿಂದ ಬಹುಕಾಲ ಅಟ್ಟದಲ್ಲಿ ಬಿದ್ದಿದ್ದ ಕ್ಲಾರಿನೆಟ್ಟೊಂದು ದೊರೆತಾಗ, ಅದನ್ನು ದುರಸ್ತುಮಾಡುವ ಮೊದಲು ಅದರ ಶ್ರುತಿ ಯಾವುದೆಂದು ನಿರ್ಣಯಿಸುವುದು ಅವಶ್ಯಕ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳನ್ನೊಳಗೊಂಡ ತುಮಕೂರು ಸೀಮೆಗೆ ಊದುವಾದ್ಯವು ಹೊಸದಲ್ಲ. ಮೂಡಲಪಾಯ ಯಕ್ಷಗಾನದ ಮುಖವೀಣೆಯೇ ಇದಕ್ಕೆ ಸಾಕ್ಷಿ. ೧೭೦೦ರ ಸುಮಾರಿನಲ್ಲಿ ಜರ್ಮನಿಯ ನ್ಯೂರೆಂಬರ್ಗಿನ ಡೆನ್ನರನು ರೂಪಿಸಿದ ಕ್ಲಾರಿನೆಟ್ಟು ಸೈನ್ಯದ ಬ್ಯಾಂಡುಗಳೊಡನೆ ನಮ್ಮ ದೇಶಕ್ಕೆ ಬಂದಿತು. ೧೯ನೆಯ ಶತಮಾನದಲ್ಲಿ ಮಹಾದೇವ ನಟ್ಟುವನಾರರು ಅದನ್ನು ಕರ್ಣಾಟಕ ಸಂಗೀತಕ್ಕೆ ಅಳವಡಿಸಿದರೆಂದು ಪ್ರಸಿದ್ಧಿ. ನರ್ತನದ ಮೇಳಗಳಲ್ಲಿ ಮುಖವೀಣೆಯ ಸ್ಥಾನವನ್ನು ಕ್ರಮೇಣ ಅದೇ ಪಡೆಯಿತು. ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿಯೂ ಮದುವೆಯ ಮೆರವಣಿಗೆಗಳಲ್ಲಿಯೂ ಅದು ನೆಲೆಗೊಂಡಿತು.

ಇಲ್ಲಿ ಎರಡು ವಿಷಯಗಳನ್ನು ವಿವೇಚಿಸಬೇಕು. ಮೊದಲನೆಯದು ವಾದ್ಯದ ಜಾತಿ: ಸಿ, ಬಿ-ಫ್ಲಾಟ್, ಎ, ಇ-ಫ್ಲಾಟ್ ಎಂದು ಕ್ಲಾರಿನೆಟ್ಟುಗಳು ಹಲವು. ಎರಡನೆಯದು ಶ್ರುತಿಪ್ರಮಾಣ. ಎ ಎಂಬ ಸ್ವರಕ್ಕೆ ಸೆಕೆಂಡಿಗೆ ೪೩೫ ಕಂಪನಗಳೆಂದು ಫ್ರಾನ್ಸ್ ದೇಶವು ೧೮೫೯ರಲ್ಲಿ ಗೊತ್ತುಮಾಡಿತು. ಇಂಗ್ಲೆಂಡಿನಲ್ಲಿ ಸುಮಾರು ೪೫೨ರ ತಾರಶ್ರುತಿಯು ರೂಢಿಯಲ್ಲಿದ್ದು, ಸೈನ್ಯದ ಬ್ಯಾಂಡುಗಳಲ್ಲಿ ೧೯೨೦ರ ದಶಕದ ಕೊನೆಯವರೆಗೂ ಉಳಿಯಿತು. ಈಗಿನ ೪೪೦ರ ಪ್ರಮಾಣವು ೧೯೩೯ರ ಲಂಡನ್ ಸಮ್ಮೇಳನದಲ್ಲಿ ಅಂಗೀಕೃತವಾಯಿತು. ೪೫೨ಕ್ಕೂ ೪೪೦ಕ್ಕೂ ಇರುವ ಅಂತರವು ಹೆಚ್ಚುಕಡಮೆ ಅರ್ಧ ಸ್ವರಸ್ಥಾನ. ಅಂದರೆ ತಾರಶ್ರುತಿಯ ವಾದ್ಯವು ಹಾರ್ಮೋನಿಯಮ್ಮಿನ ಎರಡು ಮನೆಗಳ ನಡುವೆ ನುಡಿಯುತ್ತದೆ. ಬ್ರಿಟಿಷ್ ದಂಡಿನೊಡನೆ ಬಂದ ವಾದ್ಯವು ಈ ವರ್ಗದ್ದಾಗಿರುವ ಸಂಭವ ಹೆಚ್ಚು.

ನಿರ್ಣಯದ ಮೊದಲ ಸಾಧನ ಮುದ್ರೆ. ನಾಳದ ಮೇಲೆ ಎಚ್.ಪಿ. ಎಂಬ ಆಂಗ್ಲಾಕ್ಷರಗಳಿದ್ದರೆ ತಾರಶ್ರುತಿ, ಎಲ್.ಪಿ. ಎಂದಿದ್ದರೆ ಮಂದಶ್ರುತಿ. ಮುದ್ರೆಯಿಲ್ಲದಿದ್ದರೆ ಉದ್ದವನ್ನು ಅಳೆಯಬೇಕು. ಮೌತ್‌ಪೀಸನ್ನು ಬಿಟ್ಟು, ೪೪೦ರ ಬಿ-ಫ್ಲಾಟ್ ಕ್ಲಾರಿನೆಟ್ಟು ಸುಮಾರು ೬೦ ಸೆಂಟಿಮೀಟರು. ತಾರಶ್ರುತಿಯದು ಒಂದೂವರೆ ಎರಡು ಸೆಂಟಿಮೀಟರು ಗಿಡ್ಡ. ೪೪೦ರ ಎ ಕ್ಲಾರಿನೆಟ್ಟು ಸುಮಾರು ೬೩-೬೪. ಅದರ ತಾರಶ್ರುತಿಯ ರೂಪವು ೬೨ರ ಸಮೀಪ. ಅಂತರಗಳು ಇಷ್ಟು ಅಲ್ಪವಾಗಿರುವುದರಿಂದ ಉದ್ದವು ಅನುಮಾನಕ್ಕೆ ಸಹಾಯಕವೇ ಹೊರತು ಸಿದ್ಧಾಂತವಲ್ಲ.

ಕಡೆಯ ಪ್ರಮಾಣವು ಶ್ರವಣವೇ. ಭರತನು ಶ್ರುತಿಗಳ ಪರೀಕ್ಷೆಗಾಗಿ ಎರಡು ವೀಣೆಗಳನ್ನು ಸಮಶ್ರುತಿಯಲ್ಲಿರಿಸಿ, ಒಂದನ್ನು ಕದಲಿಸದೆ ಮತ್ತೊಂದನ್ನು ಇಳಿಸುತ್ತ ಹೋದ ಕ್ರಮವು ಇಲ್ಲಿ ಸ್ಮರಣೀಯ. ಇಂದು ಶ್ರುತಿಕವೆಯೋ ವಿದ್ಯುತ್ತಿನ ಶ್ರುತಿಮಾಪಕವೋ ಧ್ರುವವೀಣೆಯ ಸ್ಥಾನದಲ್ಲಿರಲಿ. ಸೋರುವ ರಂಧ್ರಗಳನ್ನು ತಾತ್ಕಾಲಿಕವಾಗಿ ಮುಚ್ಚಿ, ಎಡಗೈಯ ಹೆಬ್ಬೆರಳನ್ನೂ ಮುಂದಿನ ಮೂರು ಬೆರಳುಗಳನ್ನೂ ಇಟ್ಟು ಊದಿದರೆ, ೪೪೦ರ ಬಿ-ಫ್ಲಾಟ್ ವಾದ್ಯವು ಸುಮಾರು ೨೩೩ ಕಂಪನಗಳನ್ನು ಕೊಡುತ್ತದೆ. ತಾರಶ್ರುತಿಯದು ಸುಮಾರು ೨೪೦. ಒಂದೇ ಸ್ವರದಿಂದ ತೀರ್ಮಾನಿಸಬಾರದು. ಎಲ್ಲ ಸ್ವರಗಳೂ ಒಂದೇ ಪ್ರಮಾಣದಲ್ಲಿ ಏರಿದ್ದರೆ ಅದು ವಾದ್ಯದ ಸ್ವಭಾವ. ಕೆಲವು ಮಾತ್ರ ಏರಿಳಿದಿದ್ದರೆ ಪ್ಯಾಡಿನ ಅಥವಾ ರಂಧ್ರದ ದೋಷ. ಹಳೆಯ ಮೌತ್‌ಪೀಸು ಕಳೆದುಹೋಗಿ ಬೇರೊಂದನ್ನು ತೊಡಿಸಿದ್ದರೂ ಫಲವು ವ್ಯತ್ಯಾಸವಾಗುವುದರಿಂದ ಎರಡು ಮೂರನ್ನು ಬದಲಾಯಿಸಿ ಅನ್ವಯವ್ಯತಿರೇಕಗಳಿಂದ ನೋಡಬೇಕು.

ಹವೆಯನ್ನೂ ಗಣಿಸಬೇಕು. ನಾಳದೊಳಗಣ ಗಾಳಿಯ ಉಷ್ಣವು ಒಂದು ಡಿಗ್ರಿ ಏರಿದರೆ ಶ್ರುತಿಯು ಸುಮಾರು ೩ ಸೆಂಟು ಏರುತ್ತದೆ. ೧೦೦ ಸೆಂಟಿಗೆ ಒಂದು ಸ್ವರಸ್ಥಾನ. ಪಾವಗಡದ ಬೇಸಗೆಯ ಮಧ್ಯಾಹ್ನಕ್ಕೂ ಮಾಗಿಯ ಮುಂಜಾನೆಗೂ ೧೫ ಡಿಗ್ರಿ ಅಂತರವಿದ್ದರೆ, ಕಾಯಿಸದ ನಾಳದಲ್ಲಿ ೪೫ ಸೆಂಟಿನ ಭೇದ. ಇದು ತಾರಶ್ರುತಿಗೂ ೪೪೦ಕ್ಕೂ ಇರುವ ಭೇದಕ್ಕೆ ಬಹುತೇಕ ಸಮ! ಉಸಿರಿನ ಬಿಸಿಯು ಈ ಭೇದವನ್ನು ತಗ್ಗಿಸುತ್ತದೆ. ಆದುದರಿಂದ ಕೆಲವು ನಿಮಿಷ ಊದಿ ಬೆಚ್ಚಗಾದ ಬಳಿಕವೇ ಅಳತೆಯನ್ನು ತೆಗೆದು, ಆ ಹೊತ್ತಿನ ಉಷ್ಣಮಾನವನ್ನು ಜೊತೆಯಲ್ಲಿ ಬರೆದಿಡಬೇಕು.

ಈ ನಿರ್ಣಯವನ್ನು ಬಿಟ್ಟರೆ ಆಗುವ ಹಾನಿಯೇನು? ತಾರಶ್ರುತಿಯನ್ನು ದೋಷವೆಂದು ಬಗೆದವರು ಮೇಲ್ತುದಿಯ ಬ್ಯಾರೆಲನ್ನು ಉದ್ದಮಾಡುತ್ತಾರೆ. ೬೦ ಸೆಂಟಿಮೀಟರಿನ ನಾಳಕ್ಕೆ ೧ ಸೆಂಟಿಮೀಟರು ಸೇರಿದರೆ ಅರವತ್ತರಲ್ಲೊಂದು ಭಾಗ. ಮೇಲಣ ರಂಧ್ರಗಳು ತೆರೆದು ನುಡಿಯುವ ನಾಳವು ೨೦ ಮಾತ್ರವಾದರೆ ಇಪ್ಪತ್ತರಲ್ಲೊಂದು. ಒಂದು ಸ್ವರ ಸರಿಹೋಗುವಷ್ಟರಲ್ಲಿ ಮತ್ತೊಂದು ಕೆಡುತ್ತದೆ. ರಂಧ್ರಗಳನ್ನು ತುಂಬಿ ಮತ್ತೆ ಕೊರೆದರಂತೂ ಮೂಲರೂಪವೇ ಅಳಿಯುತ್ತದೆ.

ಹಳಗನ್ನಡದ ಓಲೆಯಲ್ಲಿನ ರೂಪವನ್ನು ಲಿಪಿಕಾರನ ತಪ್ಪೆಂದು ಬಗೆದು ಹೊಸಗನ್ನಡಕ್ಕೆ ತಿದ್ದುವ ಸಂಪಾದಕನು ಕವಿಗೆ ಮಾಡುವ ಅನ್ಯಾಯವೂ ಇದೇ ಬಗೆಯದು. ಕಾಲವನ್ನೂ ಭಾಷಾವಸ್ಥೆಯನ್ನೂ ಗೊತ್ತುಮಾಡಿದ ಮೇಲೆ ಪಾಠಪರಿಷ್ಕರಣ. ಶ್ರುತಿಯನ್ನು ಗೊತ್ತುಮಾಡಿದ ಮೇಲೆ ದುರಸ್ತು. ತಾರಶ್ರುತಿಯ ಕ್ಲಾರಿನೆಟ್ಟು ಇಂದಿನ ಬ್ಯಾಂಡಿಗೆ ಹೊಂದದಿರಬಹುದು. ಆದರೆ ತಂಬೂರಿಯನ್ನು ಅದರ ಶ್ರುತಿಗೆ ಕೂಡಿಸಿಕೊಂಡರೆ ಏಕವಾದ್ಯವಾಗಿ ನುಡಿಸಲು ಅಡ್ಡಿಯಿಲ್ಲ. ಅದನ್ನು ಹಾಗೆಯೇ ಉಳಿಸಿಕೊಳ್ಳುವುದು ಯುಕ್ತ.