ತಾಯಿಮರದ ಗುರುತು ಬಲ್ಲ ತುಳಸಜ್ಜಿ

ಅಂಕೋಲಾ ತಾಲ್ಲೂಕಿನ ಹೊನ್ನಳ್ಳಿಯ ತುಳಸಿ ಗೌಡ 2024ರ ಡಿಸೆಂಬರ್ 16ರಂದು ತೀರಿಕೊಂಡರು. ಅವರ ಹೆಸರು ಕೇಳಿದೊಡನೆ ಎಲ್ಲರ ಕಣ್ಣ ಮುಂದೆ ಬರುವುದು ಒಂದೇ ಚಿತ್ರ: 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿಯವರಿಂದ ಪದ್ಮಶ್ರೀ ಪಡೆಯಲು ತಮ್ಮ ಹಾಲಕ್ಕಿ ಸಮುದಾಯದ ಹೆಂಗಸರ ಉಡುಗೆಯಲ್ಲಿ, ಕೊರಳ ತುಂಬ ಮಣಿಸರ ಹಾಕಿಕೊಂಡು, ಬರಿಗಾಲಲ್ಲಿ ನಡೆದುಬಂದ ಅಜ್ಜಿ. ಚೆಂದದ ಚಿತ್ರ ನಿಜ. ಆದರೆ ಆ ಅಜ್ಜಿಯ ಕೈಗೆ ಏನು ಗೊತ್ತಿತ್ತು ಎಂಬುದು ಅದರಲ್ಲಿ ಸಿಗುವುದಿಲ್ಲ.

ತುಳಸಿ ಎಳೆಯ ಮಗುವಾಗಿದ್ದಾಗಲೇ ತಂದೆ ಹೋದರು. ಶಾಲೆಯ ಮೆಟ್ಟಿಲು ಹತ್ತಲಿಲ್ಲ. ಅರಣ್ಯ ಇಲಾಖೆಯ ನರ್ಸರಿಗೆ ಕೂಲಿಗೆ ಹೋಗುತ್ತಿದ್ದ ತಾಯಿಯ ಬೆನ್ನಿಗೆ ತಾವೂ ಹೋದರು, ಅಲ್ಲೇ ಬೆಳೆದರು. ದಿನಗೂಲಿಯಾಗಿ ದುಡಿದದ್ದು 30 ವರ್ಷಕ್ಕೂ ಹೆಚ್ಚು ಕಾಲ. ಆಮೇಲೆ ಕೆಲಸ ಕಾಯಂ ಆಯಿತು. ನಿವೃತ್ತಿಯ ನಂತರವೂ ನರ್ಸರಿಯ ನಂಟು ಬಿಡಲಿಲ್ಲ.

ನರ್ಸರಿ ಎಂದರೆ ನಮಗೆ ಸಾಲಾಗಿ ಇಟ್ಟ ಕರಿ ಪ್ಲಾಸ್ಟಿಕ್ ಕೊಟ್ಟೆಗಳು, ಅದರಲ್ಲಿ ಹಸಿರು ಸಸಿಗಳು, ಅಷ್ಟೇ. ಅಸಲು ಕೆಲಸ ಶುರುವಾಗುವುದು ಅದಕ್ಕೂ ಮೊದಲು, ಕಾಡಿನೊಳಗೆ. ಯಾವ ಮರದ ಬೀಜ ತರಬೇಕು? ಕಾಂಡ ನೆಟ್ಟಗಿರಬೇಕು, ರೋಗ ತಾಗಿರಬಾರದು, ಪ್ರಾಯಕ್ಕೆ ಬಂದಿರಬೇಕು, ಮುದಿಯಾಗಿರಬಾರದು. ಅಂಥ ಮರವನ್ನು ತಾಯಿಮರ ಎನ್ನುತ್ತಾರೆ. ಸುಲಭಕ್ಕೆ ಕೈಗೆ ಸಿಕ್ಕಿತೆಂದು ಡೊಂಕು ಮರದ ಬೀಜ ತಂದರೆ ಅದರ ಸೊಟ್ಟತನವೂ ನೆಡುತೋಪಿಗೆ ಇಳಿದೀತು, ಅದು ಗೊತ್ತಾಗುವ ಹೊತ್ತಿಗೆ ಇಪ್ಪತ್ತು ವರ್ಷ ಕಳೆದಿರುತ್ತದೆ. ದಟ್ಟ ಕಾಡಿನಲ್ಲಿ ಒಂದೊಂದು ಜಾತಿಯ ತಾಯಿಮರ ಎಲ್ಲಿದೆ, ಅದರ ಕಾಯಿ ಯಾವಾಗ ಬಲಿಯುತ್ತದೆ ಎಂಬುದೆಲ್ಲ ತುಳಸಜ್ಜಿಯ ನೆನಪಿನಲ್ಲಿತ್ತು.

ಬೀಜ ಬಲಿತ ಹೊತ್ತು ತಪ್ಪಿದರೆ ವರ್ಷವೇ ತಪ್ಪಿದಂತೆ. ಹೊನ್ನೆಯ ಕಾಯಿಗೆ ಸುತ್ತ ತೆಳು ರೆಕ್ಕೆ, ಮತ್ತಿಯ ಕಾಯಿಗೆ ಐದು ರೆಕ್ಕೆ. ಒಣಗಿದವೆಂದರೆ ಗಾಳಿ ಹೊತ್ತೊಯ್ಯುತ್ತದೆ, ಉಳಿದದ್ದಕ್ಕೆ ಹುಳು ಬೀಳುತ್ತದೆ. ಸಾಗುವಾನಿಯ ಬೀಜಕ್ಕೆ ಗಟ್ಟಿ ಕರಟವಿದೆ, ಹಾಗೇ ಬಿತ್ತಿದರೆ ತಿಂಗಳುಗಟ್ಟಲೆ ಮಲಗಿರುತ್ತದೆ. ಅದನ್ನು ರಾತ್ರಿ ನೀರಲ್ಲಿ ನೆನೆಸಿ, ಹಗಲು ಬಿಸಿಲಿಗೆ ಹರವಿ, ಹೀಗೇ ಹಲವು ದಿನ ಮಾಡಿ ಕರಟ ಸಡಿಲಿಸಬೇಕು. ಹಲಸು, ಮುರುಗಲು ಇದಕ್ಕೆ ತದ್ವಿರುದ್ಧ. ಒಣಗಲು ಬಿಟ್ಟರೆ ಸತ್ತೇಹೋಗುತ್ತವೆ, ಹಣ್ಣಿನಿಂದ ತೆಗೆದ ಬೀಜ ತಡಮಾಡದೆ ಮಣ್ಣು ಸೇರಬೇಕು. ಒಂದು ಬೀಜಕ್ಕೆ ಮದ್ದಾದದ್ದು ಇನ್ನೊಂದಕ್ಕೆ ವಿಷ.

ಮೊಳಕೆ ಬಂದರೂ ಮುಗಿಯಲಿಲ್ಲ. ಮಡಿಯಿಂದ ಬೇರು ಹರಿಯದಂತೆ ಎತ್ತಿ ಕೊಟ್ಟೆಗೆ ಕೂರಿಸಬೇಕು. ಮೊದಮೊದಲು ನೆರಳು ಬೇಕು, ನೆಡುವ ದಿನ ಹತ್ತಿರವಾದಂತೆ ನೆರಳನ್ನೂ ನೀರನ್ನೂ ಕಡಿಮೆ ಮಾಡಿ ಬಿಸಿಲಿಗೆ ಹದಗೊಳಿಸಬೇಕು. ಕೊಟ್ಟೆಯ ತಳ ತೂರಿದ ಬೇರು ನೆಲ ಹಿಡಿಯದಂತೆ ಆಗಾಗ ಜಾಗ ಬದಲಿಸಬೇಕು. ಬೇಸಿಗೆಯಿಡೀ ಬಗ್ಗಿಕೊಂಡೇ ಮಾಡುವ ಈ ಕೆಲಸದಲ್ಲಿ ಹೆಚ್ಚಿನವರು ಹೆಂಗಸರು.

ತುಳಸಿಯವರ ಈ ತಿಳಿವಳಿಕೆಯನ್ನು ಗುರುತಿಸಿದವರಲ್ಲಿ ಅರಣ್ಯಾಧಿಕಾರಿಯಾಗಿದ್ದ ಅ. ನ. ಯಲ್ಲಪ್ಪ ರೆಡ್ಡಿ ಮುಖ್ಯರು. ಅರಣ್ಯಶಾಸ್ತ್ರ ಓದಿದ ಅಧಿಕಾರಿಯೊಬ್ಬರು ಓದುಬರಹ ಬಾರದ ಹಾಲಕ್ಕಿ ಹೆಣ್ಣುಮಗಳ ಮಾತಿಗೆ ಕಿವಿಗೊಟ್ಟದ್ದು ಆ ಕಾಲಕ್ಕೆ ಸಣ್ಣ ಸಂಗತಿಯಲ್ಲ. 1986ರಲ್ಲಿ ತುಳಸಿಯವರಿಗೆ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ ಪ್ರಶಸ್ತಿ ಬಂತು, 1999ರಲ್ಲಿ ರಾಜ್ಯೋತ್ಸವ ಪ್ರಶಸ್ತಿ. 'ಕಾಡಿನ ವಿಶ್ವಕೋಶ' ಎಂಬ ಬಿರುದನ್ನೂ ಜನ ಕೊಟ್ಟರು. ಬಿರುದು ತಕ್ಕದ್ದೇ. ಆದರೆ ವಿಶ್ವಕೋಶವಾದರೆ ಕಪಾಟಿನಲ್ಲಿ ಉಳಿದಿರುತ್ತದೆ. ಅಜ್ಜಿಯ ಜೊತೆ ಹೋದದ್ದು ಎಷ್ಟು ಎಂದು ಯೋಚಿಸಿದರೆ ಹೊಟ್ಟೆ ಉರಿಯುತ್ತದೆ.

ಅವರ ಬೆನ್ನಿಗೇ, 2025ರ ಫೆಬ್ರುವರಿಯಲ್ಲಿ, ಅದೇ ತಾಲ್ಲೂಕಿನ ಬಡಗೇರಿಯ ಸುಕ್ರಿ ಬೊಮ್ಮಗೌಡರೂ ಹೋದರು. ಸುಕ್ರಜ್ಜಿ ಹಾಲಕ್ಕಿ ಹಾಡುಗಳ ಕಣಜ, ಸಾರಾಯಿ ವಿರುದ್ಧ ಊರ ಹೆಂಗಸರನ್ನು ಕಟ್ಟಿ ನಿಲ್ಲಿಸಿದ ಗಟ್ಟಿಗಿತ್ತಿ. ಒಂದೇ ಸಮುದಾಯದ ಇಬ್ಬರು ಪದ್ಮಶ್ರೀ ಅಜ್ಜಿಯರನ್ನು ಅಂಕೋಲಾ ಎರಡು ತಿಂಗಳ ಅಂತರದಲ್ಲಿ ಕಳೆದುಕೊಂಡಿತು. ಸುಕ್ರಜ್ಜಿಯ ಹಾಡುಗಳನ್ನಾದರೂ ಧ್ವನಿಮುದ್ರಿಸಿಕೊಂಡವರಿದ್ದಾರೆ. ಬೀಜದ ಹದವನ್ನು ಮುದ್ರಿಸಿಕೊಳ್ಳುವುದು ಅಷ್ಟು ಸುಲಭವಲ್ಲ, ಪಕ್ಕದಲ್ಲಿ ಕೂತು ಕಲಿಯಬೇಕು.

ಕಲಿಸಬಲ್ಲವರು ಇನ್ನೂ ಇದ್ದಾರೆ. ಉತ್ತರ ಕನ್ನಡದ ನರ್ಸರಿಗಳಲ್ಲಿ ಇವತ್ತಿಗೂ ಕೊಟ್ಟೆ ತುಂಬುತ್ತಿರುವ, ಹೆಸರು ಎಲ್ಲೂ ಅಚ್ಚಾಗದ ಹೆಂಗಸರು ಅವರು. ಅವರ ಅರಿವನ್ನು ಇಲಾಖೆ ತಜ್ಞತೆಯೆಂದು ಒಪ್ಪಿ, ಅದಕ್ಕೆ ತಕ್ಕ ಸಂಬಳ ಕೊಟ್ಟು, ಹೊಸಬರನ್ನು ಅವರ ಕೈಕೆಳಗೆ ಕಲಿಯಲು ಬಿಡಬೇಕು. ತುಳಸಜ್ಜಿಯ ಹೆಸರಿನಲ್ಲಿ ಪುತ್ಥಳಿಗಿಂತ ಮೊದಲು ಆಗಬೇಕಾದದ್ದು ಇದು.

ಮಳೆಗಾಲದ ಆರಂಭದಲ್ಲಿ ಅರಣ್ಯ ಇಲಾಖೆಯ ನರ್ಸರಿಗಳಲ್ಲಿ ಸಾರ್ವಜನಿಕರಿಗೂ ರಿಯಾಯಿತಿ ದರದಲ್ಲಿ ಸಸಿ ಕೊಡುತ್ತಾರೆ. ಈ ಸಲ ತರಲು ಹೋದಾಗ ಸಸಿ ಬೆಳೆಸಿದವರನ್ನು ಮಾತಾಡಿಸಿ. ಬೀಜ ಎಲ್ಲಿಯದು, ಯಾವ ತಿಂಗಳು ಆರಿಸಿದ್ದು, ಹೇಗೆ ಮೊಳಕೆ ಬರಿಸಿದರು ಎಂದು ಕೇಳಿ, ಹೇಳಿದವರ ಹೆಸರಿನೊಂದಿಗೆ ಬರೆದಿಟ್ಟುಕೊಳ್ಳಿ.