ರೆಕ್ಕೆಯ ಮೇಲಿನ ಗಾಳಿಯಿಂದ ಮುಂಗಾರಿನ ಮೋಡದವರೆಗೆ: ರೊದ್ದಂ ನರಸಿಂಹ ಅವರ ವಿಜ್ಞಾನ

ಗದಗ-ಬೆಟಗೇರಿಯ ಬಳಿಯಿಂದ ಹೊರಟು ಮುಂಡರಗಿ ತಾಲ್ಲೂಕಿನ ಸಿಂಗಟಾಲೂರಿನ ತುಂಗಭದ್ರೆಯ ದಡದವರೆಗೆ ಚಾಚಿರುವ ಕಪ್ಪತಗುಡ್ಡದ ಸೀಮೆಯಲ್ಲಿ ಗಾಳಿಯಂತ್ರಗಳು ಎಷ್ಟು ವಿದ್ಯುತ್ತು ಕೊಟ್ಟಾವು, ಸಹ್ಯಾದ್ರಿಯ ಮಳೆನೆರಳಿನಲ್ಲಿರುವ ಶಿರಹಟ್ಟಿ, ಲಕ್ಷ್ಮೇಶ್ವರಗಳ ಎರೆಹೊಲಗಳ ಮೇಲೆ ಮುಂಗಾರಿನ ಮೋಡ ಎಷ್ಟು ಎತ್ತರಕ್ಕೆ ಬೆಳೆದೀತು, ವಿಮಾನದ ರೆಕ್ಕೆಯ ಮೇಲೆ ನಯವಾಗಿ ಸಾಗುವ ಗಾಳಿ ಯಾವ ಜಾಗದಲ್ಲಿ ಕದಡೀತು ಎಂಬ ಮೂರು ಪ್ರಶ್ನೆಗಳು ಹೊರನೋಟಕ್ಕೆ ಬೇರೆಬೇರೆಯಾಗಿ ಕಂಡರೂ ಮೂರನ್ನೂ ವಿಚಾರಿಸುವ ಶಾಸ್ತ್ರ ಒಂದೇ ಆಗಿದೆ. ಗಾಳಿ, ನೀರು ಮೊದಲಾದವುಗಳ ಚಲನೆಯನ್ನು ಗಣಿತದಿಂದಲೂ ಪ್ರಯೋಗದಿಂದಲೂ ಅರಿಯಲು ಯತ್ನಿಸುವ ಈ ಹರಿವಿನ ವಿಜ್ಞಾನಕ್ಕೆ ಕನ್ನಡನಾಡು ಕೊಟ್ಟ ಅತಿ ದೊಡ್ಡ ಹೆಸರು ರೊದ್ದಂ ನರಸಿಂಹ ಅವರದು. ವಿಮಾನದಿಂದ ಆರಂಭವಾಗಿ ಮೋಡದಲ್ಲಿ ಕೊನೆಗೊಂಡ ಅವರ ಅರವತ್ತು ವರ್ಷಗಳಿಗೂ ಮೀರಿದ ಸಂಶೋಧನೆಯನ್ನು ಮಳೆಯನ್ನೇ ನಂಬಿ ಬಿತ್ತುವ ಈ ಭಾಗದ ಓದುಗರು ಪರಿಚಯ ಮಾಡಿಕೊಳ್ಳುವುದಕ್ಕೆ ವಿಶೇಷ ಕಾರಣವಿದೆ.

ನರಸಿಂಹ ಅವರು ಹುಟ್ಟಿದ್ದು 1933ರ ಜುಲೈ 20ರಂದು. ಮನೆತನದ ಹೆಸರಾದ ರೊದ್ದಂ ಎಂಬುದು ಇಂದಿನ ಆಂಧ್ರಪ್ರದೇಶಕ್ಕೆ ಸೇರಿದ ಗಡಿಭಾಗದ ಒಂದು ಊರು. ತಂದೆ ಆರ್. ಎಲ್. ನರಸಿಂಹಯ್ಯನವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರಾಗಿದ್ದು, ವಿಜ್ಞಾನವನ್ನು ಕನ್ನಡದಲ್ಲಿ ಬರೆಯುವವರು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ‘ಜಗತ್ತುಗಳ ಹುಟ್ಟು ಸಾವು’ ಮೊದಲಾದ ಪುಸ್ತಕಗಳ ಮೂಲಕ ಖಗೋಳದ ವಿಚಾರಗಳನ್ನು ಸಾಮಾನ್ಯ ಓದುಗರಿಗೆ ತಲುಪಿಸಿದವರು. ಭೌತಶಾಸ್ತ್ರವೂ ಸಂಸ್ಕೃತವೂ ಕನ್ನಡವೂ ಒಂದೇ ಸೂರಿನಡಿ ಇದ್ದ ಮನೆಯ ಈ ವಾತಾವರಣವನ್ನು ಬಿಟ್ಟು ನರಸಿಂಹ ಅವರ ಬದುಕನ್ನು ಅರ್ಥಮಾಡಿಕೊಳ್ಳುವುದು ಕಷ್ಟ. ಮುಂದೆ ಅವರು ಯೋಗವಾಸಿಷ್ಠದ ಆಯ್ದ ಶ್ಲೋಕಗಳನ್ನು ಇಂಗ್ಲಿಷಿಗೆ ಅನುವಾದಿಸಿದ್ದಾಗಲಿ, ಆರ್ಯಭಟನ ಪರಂಪರೆಯ ಖಗೋಳಜ್ಞರ ಲೆಕ್ಕಾಚಾರದ ವಿಧಾನಗಳನ್ನು ಗಂಭೀರವಾಗಿ ಅಧ್ಯಯನ ಮಾಡಿದ್ದಾಗಲಿ ವಿರಾಮದ ಹವ್ಯಾಸಗಳಾಗಿರದೆ, ತಂದೆಯ ಮನೆಯಲ್ಲಿ ಬೆಳೆದ ಕುತೂಹಲದ ಮುಂದುವರಿಕೆಯೇ ಆಗಿದ್ದವು. ವಿದೇಶದಲ್ಲಿ ನೆಲೆಸುವ ಅವಕಾಶ ಧಾರಾಳವಾಗಿದ್ದರೂ ಅವರು ಸಂಸಾರವನ್ನು ಬೆಂಗಳೂರಿನಲ್ಲಿಯೇ ಕಟ್ಟಿ, ಕೊನೆಯವರೆಗೂ ಅಲ್ಲಿಯೇ ಬಾಳಿದರು.

ಮೈಸೂರು ವಿಶ್ವವಿದ್ಯಾಲಯದಿಂದ 1953ರಲ್ಲಿ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವಿ ಪಡೆದ ನರಸಿಂಹ ಅವರಂಥವರಿಗೆ ರೈಲ್ವೆಯಂಥ ಕಡೆ ಭದ್ರವಾದ ನೌಕರಿ ಕಾದಿರುತ್ತಿತ್ತು. ಆದರೆ ಭಾರತೀಯ ವಿಜ್ಞಾನ ಸಂಸ್ಥೆಯ ವಿಮಾನಶಾಸ್ತ್ರ ವಿಭಾಗದ ಅಂಗಳದಲ್ಲಿ ನಿಲ್ಲಿಸಿದ್ದ ಸ್ಪಿಟ್‌ಫೈರ್ ಯುದ್ಧವಿಮಾನವನ್ನು ವಿದ್ಯಾರ್ಥಿಯಾಗಿದ್ದಾಗ ಕಂಡದ್ದು ಅವರ ಮನಸ್ಸನ್ನು ಬೇರೆ ಕಡೆಗೆ ತಿರುಗಿಸಿತ್ತು. ಆ ಸಂಸ್ಥೆಯನ್ನು ಸೇರಿದ ಅವರಿಗೆ ಗುರುವಾಗಿ ದೊರೆತವರು, 1951ರಲ್ಲಷ್ಟೇ ಅಲ್ಲಿಗೆ ಬಂದಿದ್ದ ಸತೀಶ್ ಧವನ್.

ಧವನ್ ಅವರ ಪ್ರಯೋಗಾಲಯದಲ್ಲಿ ನರಸಿಂಹ ಕೈಗೆತ್ತಿಕೊಂಡ ಸಮಸ್ಯೆಯನ್ನು ತಿಳಿಯಬೇಕಾದರೆ ಗಡಿ ಪದರ ಎಂಬ ಪರಿಕಲ್ಪನೆಯನ್ನು ಅರಿಯಬೇಕು. ಹಾರುವ ವಿಮಾನದ ರೆಕ್ಕೆಯ ಮೈಗೆ ತಾಗಿದ ಗಾಳಿ ಆ ಮೈಗೇ ಅಂಟಿಕೊಂಡು ರೆಕ್ಕೆಯೊಡನೆ ಸಾಗುತ್ತದೆ. ಅಲ್ಲಿಂದ ತುಸು ಮೇಲಕ್ಕೆ ಹೋದರೆ ಗಾಳಿ ರೆಕ್ಕೆಯ ಹಿಡಿತದಿಂದ ಪೂರ್ತಿಯಾಗಿ ಬಿಡಿಸಿಕೊಂಡಿರುತ್ತದೆ. ಈ ಎರಡು ಸ್ಥಿತಿಗಳ ನಡುವಿನ ತೆಳುವಾದ ಹಾಸನ್ನು ಜರ್ಮನಿಯ ಲುಡ್ವಿಗ್ ಪ್ರಾಂಟ್ಲ್ 1904ರಲ್ಲಿ ಗುರುತಿಸಿದರು. ಇದೇ ಗಡಿ ಪದರ. ಭೂಮಿಯ ಮೇಲೂ ಇಂಥ ಪದರವಿದ್ದು, ಹಗಲಿನಲ್ಲಿ ಅದು ಸಾಮಾನ್ಯವಾಗಿ ಒಂದು ಕಿಲೋಮೀಟರಿನ ಆಸುಪಾಸಿನ ಎತ್ತರಕ್ಕೆ ಬೆಳೆಯುತ್ತದೆ. ಗಾಳಿಯಂತ್ರವನ್ನು ಎತ್ತರದ ಕಂಬದ ಮೇಲೆ, ಅದರಲ್ಲಿಯೂ ಗುಡ್ಡದ ನೆತ್ತಿಯಲ್ಲಿ ಕೂರಿಸುವುದಕ್ಕೆ ನೆಲದ ಹಿಡಿತ ಸಡಿಲವಾದ ಜಾಗದಲ್ಲಿ ಗಾಳಿ ಬಿರುಸಾಗಿರುವುದೇ ಕಾರಣ.

ರೆಕ್ಕೆಯ ಮುಂದಿನ ಅಂಚಿನಲ್ಲಿ ಈ ಪದರದೊಳಗಿನ ಗಾಳಿ ಒಂದರ ಮೇಲೊಂದು ಜಾರುವ ಎಳೆಗಳಂತೆ ಶಿಸ್ತಿನಿಂದ ಹರಿಯುತ್ತದೆ, ಹಿಂದಕ್ಕೆ ಸಾಗಿದಂತೆ ಸುಳಿಸುಳಿಯಾಗಿ ಕದಡುತ್ತದೆ. ಕದಡಿದ ಹರಿವಿನಲ್ಲಿ ಘರ್ಷಣೆ ಹೆಚ್ಚು, ಆದ್ದರಿಂದ ಇಂಧನದ ಖರ್ಚೂ ಹೆಚ್ಚು. ಈ ಬದಲಾವಣೆ ಒಮ್ಮೆಗೇ ಆಗದೆ, ಅಲ್ಲೊಂದು ಇಲ್ಲೊಂದು ಹುಟ್ಟುವ ಕದಡಿನ ಚುಕ್ಕೆಗಳು ಹಬ್ಬಿ ಕೂಡಿಕೊಳ್ಳುವುದರಿಂದ ಆಗುತ್ತದೆಂದು ಅಮೆರಿಕದ ಎಮ್ಮನ್ಸ್ 1951ರಲ್ಲಿ ಸೂಚಿಸಿದ್ದರು. ಆ ಚುಕ್ಕೆಗಳು ರೆಕ್ಕೆಯ ಉದ್ದಕ್ಕೂ ಹುಟ್ಟದೆ ಒಂದು ಕಿರಿದಾದ ಪಟ್ಟಿಯಲ್ಲಿಯೇ ಹುಟ್ಟುತ್ತವೆ ಎಂದು ಊಹಿಸಿ, ಆ ಊಹೆಯಿಂದ ದೊರೆಯುವ ಸೂತ್ರವು ಅಳತೆಗಳಿಗೆ ಹೊಂದುತ್ತದೆಂದು ನರಸಿಂಹ 1957ರಲ್ಲಿ ತೋರಿಸಿದಾಗ ಅವರಿಗೆ ಇಪ್ಪತ್ತನಾಲ್ಕರ ಪ್ರಾಯ. ಧವನ್ ಅವರೊಡನೆ ಮರುವರ್ಷ ಪ್ರಕಟಿಸಿದ ವಿಸ್ತಾರವಾದ ಪ್ರಬಂಧವನ್ನು ಜೆಟ್ ಎಂಜಿನಿನ ಒಳಗಿನ ಅಲಗುಗಳನ್ನು ವಿನ್ಯಾಸ ಮಾಡುವವರು ಇಂದಿಗೂ ಆಧಾರವಾಗಿ ಬಳಸುತ್ತಾರೆ. ಬಡ ದೇಶವೊಂದರ ಸರಳ ಗಾಳಿಸುರಂಗದಲ್ಲಿ, ಅಂದರೆ ಮಾದರಿಯನ್ನು ನಿಲ್ಲಿಸಿ ಅದರ ಸುತ್ತ ಗಾಳಿ ಹಾಯಿಸುವ ಕೊಳವೆಯಲ್ಲಿ, ಇಷ್ಟು ಬಾಳಿಕೆ ಬರುವ ಕೆಲಸ ನಡೆದದ್ದು ಹೆಮ್ಮೆಪಡಬೇಕಾದ ಸಂಗತಿ.

ಕ್ಯಾಲಿಫೋರ್ನಿಯಾ ತಂತ್ರಜ್ಞಾನ ಸಂಸ್ಥೆಯಲ್ಲಿ ಹಾನ್ಸ್ ಲೀಪ್‌ಮನ್ ಅವರ ಮಾರ್ಗದರ್ಶನದಲ್ಲಿ 1961ರಲ್ಲಿ ಡಾಕ್ಟರೇಟ್ ಪಡೆದು, 1962ರಲ್ಲಿ ಬೆಂಗಳೂರಿಗೆ ಮರಳಿದ ನರಸಿಂಹ ಅವರು ಅದೇ ಸಮಸ್ಯೆಯನ್ನು ತಲೆಕೆಳಗು ಮಾಡಿ ನೋಡಿದರು. ಕದಡಿದ ಹರಿವು ತಾನಾಗಿ ಶಾಂತವಾಗಬಲ್ಲುದೇ? ಹರಿವಿನ ವೇಗವನ್ನು ತೀವ್ರವಾಗಿ ಏರಿಸಿದಾಗ, ರಾಕೆಟ್ಟಿನ ನಳಿಗೆಯಲ್ಲಿ ಆಗುವಂತೆ, ಅದು ಮತ್ತೆ ಶಿಸ್ತಿಗೆ ಮರಳುತ್ತದೆಂಬುದನ್ನೂ, ಏಕೆ ಹಾಗಾಗುತ್ತದೆಂಬುದನ್ನೂ ಅವರು ಮತ್ತು ಅವರ ಶಿಷ್ಯ ಕೆ. ಆರ್. ಶ್ರೀನಿವಾಸನ್ 1970ರ ದಶಕದಲ್ಲಿ ವಿವರಿಸಿದರು. ನರಸಿಂಹ ಅವರ ಕೆಲಸಗಳಲ್ಲೆಲ್ಲ ಅತ್ಯಂತ ಸುಂದರವಾದದ್ದು ಇದೆಂದು ಹೇಳಬಹುದು.

ಅವರು 1984ರಿಂದ 1993ರವರೆಗೆ ರಾಷ್ಟ್ರೀಯ ವೈಮಾನಿಕ ಪ್ರಯೋಗಾಲಯದ ನಿರ್ದೇಶಕರಾಗಿದ್ದರು. ಭಾರಿ ಲೆಕ್ಕಗಳನ್ನು ಮಾಡಬಲ್ಲ ಕಂಪ್ಯೂಟರುಗಳನ್ನು ಹೊರದೇಶದಿಂದ ತರಿಸುವುದು ಸುಲಭವಲ್ಲದ ಆ ದಿನಗಳಲ್ಲಿ, ಒಂದೇ ಲೆಕ್ಕವನ್ನು ಹಂಚಿಕೊಂಡು ಏಕಕಾಲಕ್ಕೆ ಬಿಡಿಸುವ ಸಮಾಂತರ ಕಂಪ್ಯೂಟರ್ ‘ಫ್ಲೋಸಾಲ್ವರ್’ ಅಲ್ಲಿ 1986ರಲ್ಲಿ ಸಿದ್ಧವಾಯಿತು. ದೇಶದಲ್ಲಿ ಅಂಥದ್ದು ಅದೇ ಮೊದಲು. ಫೆಲೋ ಆಫ್ ದ ರಾಯಲ್ ಸೊಸೈಟಿ, ಪದ್ಮವಿಭೂಷಣ ಗೌರವಗಳು ಕ್ರಮವಾಗಿ 1992 ಮತ್ತು 2013ರಲ್ಲಿ ಬಂದವು. ಬಾಹ್ಯಾಕಾಶ ಆಯೋಗದಲ್ಲಿ ದೀರ್ಘಕಾಲ ಸದಸ್ಯರಾಗಿದ್ದು, ಇಸ್ರೋದ ವಾಣಿಜ್ಯ ಅಂಗ ಆಂಟ್ರಿಕ್ಸ್ ಮತ್ತು ಖಾಸಗಿ ಕಂಪನಿ ದೇವಾಸ್ ನಡುವಿನ ಒಪ್ಪಂದದ ಪ್ರಕರಣದಲ್ಲಿ ಹಿರಿಯ ವಿಜ್ಞಾನಿಗಳನ್ನು ನಡೆಸಿಕೊಂಡ ರೀತಿಯನ್ನು ಒಪ್ಪದೆ 2012ರಲ್ಲಿ ಅವರು ಹೊರಬಂದದ್ದು ಅವರ ಸ್ವಭಾವವನ್ನು ತಿಳಿಸುತ್ತದೆ.

ಇತಿಹಾಸದ ಕಡೆಗೂ ಅವರ ದೃಷ್ಟಿ ಎಂಜಿನಿಯರನದೇ ಆಗಿತ್ತು. ಮೈಸೂರಿನ ರಾಕೆಟ್ಟುಗಳನ್ನು ಕುರಿತು 1985ರಲ್ಲಿ ಬರೆದ ಪ್ರಬಂಧದಲ್ಲಿ ಹೈದರ್ ಮತ್ತು ಟಿಪ್ಪುವಿನ ಕುಶಲಕರ್ಮಿಗಳು ಕಾಗದದ ಬದಲು ಕಬ್ಬಿಣದ ಕೊಳವೆಯಲ್ಲಿ ಮದ್ದು ತುಂಬಿದ್ದರಿಂದ ರಾಕೆಟ್ಟಿನ ಒಳಗಿನ ಒತ್ತಡವೂ ಹಾರುವ ದೂರವೂ ಹೆಚ್ಚಿದ್ದನ್ನು ಅವರು ತೋರಿಸಿ, ಬ್ರಿಟನ್ನಿನ ಕಾಂಗ್ರೀವ್ ಅದನ್ನು ಮುಂದುವರಿಸಿದ ಬಗೆಯನ್ನು ವಿವರಿಸಿದರು. ಟಿಪ್ಪುವಿಗೂ ಮರಾಠರಿಗೂ ನಡುವೆ ಲಕ್ಷ್ಮೇಶ್ವರದ ನೆರೆಯ ಸವಣೂರಿನ ಸೀಮೆಯಲ್ಲಿ 1786ರಲ್ಲಿ ನಡೆದ ಕಾಳಗ 1787ರ ಗಜೇಂದ್ರಗಡದ ಒಪ್ಪಂದದಲ್ಲಿ ಮುಗಿದುದರಿಂದ, ಆ ಕಾಲದ ಯುದ್ಧಗಳ ಚರಿತ್ರೆ ಗದಗ ಜಿಲ್ಲೆಯದೂ ಹೌದು.

ಅವರ ಕೊನೆಯ ದಶಕಗಳನ್ನು ಆವರಿಸಿದ್ದು ಮುಂಗಾರು. ಜೋಧಪುರದಿಂದ ಖರಗ್‌ಪುರದವರೆಗೆ ಮೂವತ್ತು ಮೀಟರಿನ ಗೋಪುರಗಳನ್ನು ನಿಲ್ಲಿಸಿ ನೆಲದ ಮೇಲಿನ ಗಾಳಿಯನ್ನು ಅಳೆದ 1990ರ ‘ಮಾಂಟ್‌ಬ್ಲೆಕ್ಸ್’ ಪ್ರಯೋಗದಲ್ಲಿ ಅವರು ಮುಖ್ಯ ಪಾತ್ರ ವಹಿಸಿದರು. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಅವರ ತಂಡ ನೀರಿನ ತೊಟ್ಟಿಯೊಳಗೆ ಮೋಡವನ್ನು ಅನುಕರಿಸಿತು. ಮೋಡದಲ್ಲಿ ಆವಿ ಹನಿಯಾಗುವಾಗ ಬಿಡುಗಡೆಯಾಗುವ ಶಾಖವೇ ಅದನ್ನು ಮೇಲಕ್ಕೆ ತಳ್ಳುವುದರಿಂದ, ತೊಟ್ಟಿಯಲ್ಲಿ ಏರುವ ಆಮ್ಲಬೆರೆತ ನೀರಿಗೆ ತಂತಿಜಾಲಗಳ ಮೂಲಕ ವಿದ್ಯುತ್ ಹಾಯಿಸಿ ನಡುದಾರಿಯಲ್ಲಿ ಬಿಸಿ ಮಾಡಲಾಯಿತು. ಹೂಕೋಸಿನಂತೆ ಉಬ್ಬುವ ಮೋಡದ ಆಕಾರವೂ, ಅದು ಸುತ್ತಲಿನ ಒಣ ಗಾಳಿಯನ್ನು ಒಳಗೆಳೆದುಕೊಳ್ಳುವ ಪ್ರಮಾಣ ಬದಲಾಗುವ ಬಗೆಯೂ ಹೀಗೆ ಕಂಡುಬಂದು 2011ರಲ್ಲಿ ಪ್ರಕಟವಾದವು. ಕಟ್ಟಿದ ಮೋಡ ಸುರಿಯದೆ ಚದುರುವುದನ್ನು ವರ್ಷವರ್ಷವೂ ನೋಡುವ ಮುಂಡರಗಿ, ಶಿರಹಟ್ಟಿಯ ರೈತರಿಗೆ ಈ ಒಣ ಗಾಳಿಯ ಪ್ರಶ್ನೆಯ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರೆಹೊಲಕ್ಕೆ ಇನ್ನೂ ಹತ್ತಿರವಾದ ಒಂದು ಸಮಸ್ಯೆಯೂ ಅವರನ್ನು ಸೆಳೆದಿತ್ತು. ಮೋಡವಿಲ್ಲದ, ಗಾಳಿಯಾಡದ ರಾತ್ರಿಯಲ್ಲಿ ಅತಿ ಹೆಚ್ಚು ತಣ್ಣಗಿರುವುದು ನೆಲವಲ್ಲ, ನೆಲಕ್ಕಿಂತ ಗೇಣು ಎತ್ತರದಲ್ಲಿರುವ ಗಾಳಿ ಎಂದು ಎಲ್. ಎ. ರಾಮದಾಸ್ 1930ರ ದಶಕದ ಆರಂಭದಲ್ಲಿ ಪುಣೆಯಲ್ಲಿ ಕಂಡುಕೊಂಡಿದ್ದರು. ಎಳೆಯ ಪೈರಿನ ತುದಿಗೆ ತಾಗುವ ಈ ಚಳಿಗೆ ನೆಲ ಮತ್ತು ಗಾಳಿ ಶಾಖವನ್ನು ಹೊರಸೂಸುವ ರೀತಿಯಲ್ಲಿ ಕಾರಣವಿದೆಯೆಂದು ನರಸಿಂಹ ಮತ್ತು ಸಹೋದ್ಯೋಗಿಗಳು 1993ರಲ್ಲಿ ಸಿದ್ಧಾಂತವೊಂದನ್ನು ಮಂಡಿಸಿದರು. ಅದರಲ್ಲಿ ಕೊರತೆಯಿದೆಯೆಂದೂ, ಗಾಳಿಯಲ್ಲಿ ತೇಲುವ ಸೂಕ್ಷ್ಮ ಕಣಗಳೇ ಮುಖ್ಯ ಕಾರಣವೆಂದೂ ಮುಂದೆ ವಾದಿಸಿದವರು, 2020ರ ಡಿಸೆಂಬರ್ 14ರಂದು ತೀರಿಕೊಳ್ಳುವವರೆಗೂ ನರಸಿಂಹ ಅವರು ಕೆಲಸ ಮಾಡುತ್ತಿದ್ದ ಅದೇ ಜಕ್ಕೂರಿನ ಕೇಂದ್ರದ ಸಂಶೋಧಕರು.